ಬಟಾಟಿ ಬಟ್ಟಲಾ

ಸವತಿಕಾಯಿ ಕೋಸಂಬ್ರಿಗೆ ಉಪ್ಪು ಯಾವಾಗ ಹಾಕಬೇಕು ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಎಲಿ ಹಾಕೋ ಹೊತ್ತಿಗೆ ಹಾಕಬೇಕು, ಮದ್ಲ ಹಾಕಿದ್ರ ಬರೇ ನೀರು. ಹಾಗಲಕಾಯಿ ಹೋಳಿಗೆ ಉಪ್ಪು ಹಚ್ಚಿ ಹಿಂಡೋದು, ಒಣದ್ರಾಕ್ಷಿ ರಾತ್ರಿ ನೆನಸಿದ್ರ ಮುಂಜಾನೆ ಉಬ್ಬೋದು, ಎಲ್ಲಾ ಒಂದ ಜಾತಿ ಕೆಲಸ. ಇದಕ್ಕ ಅಭಿಸರಣೆ ಅಂತ ಹೆಸರದ ಅನ್ನೋದು 9ನೇತ್ತಾ ಓದೋ ನನ್ನ ಮಗಳಿಂದ ಗೊತ್ತಾತು ನೋಡ್ರಿ.

ಸಾಲ್ಯಾಗ ಮನ್ಯಾಗ ಪ್ರಯೋಗ ಮಾಡಿ ಬರಕೊಂಡು ಬರ್ರಿ ಅಂದಿದ್ರು, 10 ಮಾರ್ಕ್ಸಿಗೆ. ಮೂರು ಬಟಾಟಿ ಸಿಪ್ಪಿ ತಗದು, ಕೆಳಗ ಸಪಾಟ ಕೊಯ್ದು, ನಡುವ ಚಮಚಾದಿಂದ ಕೆರದು ಬಟ್ಟಲಾ ಮಾಡಬೇಕು. ಒಂದು ಖಾಲಿ. ಎರಡನೇದಕ್ಕ ಒಂದು ಚಮಚಾ ಸಕ್ಕರಿ. ಮೂರನೇದು ಕುದಿಸಿದ್ದು, ಅದಕ್ಕೂ ಅಷ್ಟ ಸಕ್ಕರಿ. ಮೂರನ್ನೂ ನೀರು ಹಾಕಿದ ತಾಟಿನಾಗ ನಿಂದ್ರಿಸಿ ಬಿಡೋದು.

ಬಟಾಟಿ ಅಂದ್ರ ಸಣ್ಣ ಸಣ್ಣ ಜೀವಕೋಶದ ಗುಡ್ಡಿ, ಒಂದೊಂದಕ್ಕೂ ಒಂದೊಂದು ಪೊರಿ. ಪೊರಿ ನೀರನ್ನ ಬಿಡತದ, ಸಕ್ಕರೀನ ಹಂಗ ಬಿಡೂದಿಲ್ಲ. ಸಕ್ಕರಿ ದಟ್ಟ ಇದ್ದ ಕಡೆ ನೀರು ಹೋಗತದ. ಕುದಿಸಿದ್ರ ಪೊರಿ ಕೆಟ್ಟು ಹೋಗತದ, ಅದಕ್ಕ ಮೂರನೇದ್ರಾಗ ನೀರು ಏರಬಾರದು.

ಸಂಜಿಗೆ ನೋಡಿದ್ರ ಖಾಲಿ ಬಟ್ಟಲಾ ಒಣಗೇ ಇತ್ತು. ಹಸಿ ಬಟಾಟಿಯೊಳಗ ಸಕ್ಕರಿ ಕರಗಿ ನೀರು ತುಂಬಿತ್ತು. ಕುದಿಸಿದ್ರಾಗೂ ಅರ್ಧ ನೀರು!

ಈಕಿ ಗೆಳತಿಗೆ ಫೋನ್ ಮಾಡಿದ್ಲು. "ಬುಕ್ಕಿನಾಗ ಇದ್ದಂಗ ಬರದು ಬಿಡ, ಯಾರು ನೋಡ್ತಾರ" ಅಂತ ಆಕಿ. ನಾ ಹೋಗೋದ್ರಾಗ ಪೆನ್ಸಿಲ್‌ನಾಗ ಬರದೂ ಬಿಟ್ಟಿದ್ಲು, "ನೀರು ಬರಲಿಲ್ಲ" ಅಂತ.

"ಬಂದದಲ್ಲವಾ?" ಅಂದೆ.

"ಬರಬಾರದಮ್ಮಾ ಅದು!"

ಉತ್ತರಾ ಮದ್ಲ ಹೇಳಿ ಆಮ್ಯಾಲೆ ಮಾಡ್ರಿ ಅಂದ್ರ ಮಕ್ಕಳು ಇನ್ನೇನು ಮಾಡ್ಯಾವು? ಆದ್ರ ನನಗ ಯಾಕೋ ಹೊಟ್ಟ್ಯಾಗ ಕಲಸಿದಂಗ ಆತು. ಕಣ್ಣಿಗೆ ಕಂಡದ್ದನ್ನ ಇಲ್ಲಾ ಅಂತ ಬರಿಯೋದು ಇಷ್ಟು ಸಸಾರ ಆಗಬಾರದು.

ಅಷ್ಟೊತ್ತಿಗೆ ನಮ್ಮ ಅತ್ತಿಯವರು ಬಂದ್ರು. ನಾಕನೇತ್ತಾಕ್ಕ ಸಾಲಿ ಬಿಡಿಸಿಕೊಂಡವರು. ಕುದಿಸಿದ ಬಟಾಟಿನ ಹೆಬ್ಬಟ್ಟಿನಿಂದ ಒತ್ತಿ, "ಇದೆಲ್ಲೆ ಬೆಂದದ? ಒಳಗ ಹಸಿ ಅದ" ಅಂದ್ರು. ಕೊಯ್ದು ನೋಡಿದ್ವಿ. ಸುತ್ತ ಮೆತ್ತಗ, ನಡುವ ಬೆಳ್ಳಗ ಕರುಂ ಅನ್ನೋ ಹಸಿ ಬಟಾಟಿ! ಅವಸರಕ್ಕ ಐದ ನಿಮಿಷ ಕುದಿಸಿ ತಗದಿದ್ಲು ಈಕಿ. ಒಳಗಿನ ಜೀವಕೋಶ ಇನ್ನೂ ಬದುಕಿದ್ವು, ತಮ್ಮ ಕೆಲಸಾ ತಾವು ಮಾಡಿದ್ವು.

ಮರುದಿನ ಚಾಕು ಸಲೀಸ ಇಳಿಯೋ ತನಕಾ ಕುದಿಸಿ, ಆರಿಸಿ, ಮತ್ತ ಇಟ್ಟಳು. ಸಂಜಿಗೆ ಸಕ್ಕರಿ ಅಷ್ಟ ಒದ್ದಿ ಆಗಿತ್ತು, ಬಟಾಟಿಯ ಸ್ವಂತ ಪಸಿ. ನೀರು ಏರಿದ್ದಿಲ್ಲ. ಪೆನ್ಸಿಲ್ ಅಕ್ಷರ ಅಳಿಸಿ, ಎರಡೂ ದಿನದ್ದು ತಾರೀಖು ಹಾಕಿ ಬರದಳು.

ಮಾರ್ಕ್ಸ್ 8. "ಒಂದೇ ಫಲಿತಾಂಶ ಬರೆ" ಅಂತ ಕೆಂಪು ಶಾಯಿಲೆ ಬರದು ಕಳಿಸ್ಯಾರ. ಗೆಳತಿಗೆ 10. ಎರಡು ದಿನಾ ಮಾರಿ ಊದಿಸಿಕೊಂಡು ಅಡ್ಡಾಡಿದ್ಲು. ನಾ ಸಾಲಿಗೆ ಹೋಗಿ ಕೇಳ್ಲಿಕ್ಕೆ ಹೊಂಟೆ, ಬ್ಯಾಡ ಅಂದ್ಲು.

ಅತ್ತಿಯವರು ಆ ಹಾಳಿ ಓದಿಸಿ ಕೇಳಿದ್ರು. ಎಲ್ಲಾ ಮುಗದ ಮ್ಯಾಲೆ, "ನಾ ಒತ್ತಿ ನೋಡಿದ್ದು ಬರದಿಯೇನ?" ಅಂದ್ರು.

ಬರದಿದ್ಲು.