ಉಪ್ಪಿಟ್ಟಿನ ಋಣ

ಯಲಿಯೂರಿನ ಸ್ಕೂಲಲ್ಲಿ ತಿಂದ ಅಮೆರಿಕದ ಗೋಧಿ ಉಪ್ಪಿಟ್ಟನ್ನ ಅಪ್ಪ ಈಗ್ಲೂ ನೆನೀತಾರೆ. "ಪುಕ್ಸಟ್ಟೆ ಕೊಟ್ರು ಕಣ್ ಮಗಾ!"

ಪುಕ್ಸಟ್ಟೆಯಂತೂ ಅಲ್ಲ. 1965-66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಪಿ.ಎಲ್. 480 ಗೋಧಿಯನ್ನ ಒಟ್ಟಿಗೆ ಬಿಡದೆ ಸ್ವಲ್ಪ ಸ್ವಲ್ಪವೇ ಕಳಿಸ್ತಿದ್ರು. ನಮ್ಮ ಕೃಷಿ ನೀತಿ ಬದಲಾಗಬೇಕಿತ್ತು, ವಿಯೆಟ್ನಾಂ ಬಗ್ಗೆ ನಾವು ಸುಮ್ಮನಿರಬೇಕಿತ್ತು. 1966ರ ಜೂನ್‌ನಲ್ಲಿ, ವಿಶ್ವಬ್ಯಾಂಕಿನ ಒತ್ತಡವೂ ಸೇರಿ, ಡಾಲರ್ ಬೆಲೆ ₹4.76ರಿಂದ ₹7.50ಕ್ಕೆ ಏರಿತು. ಆದ್ರೂ ಇಂದಿರಾ ಗಾಂಧಿ ವಿಯೆಟ್ನಾಂ ಬಾಂಬ್ ದಾಳಿಯನ್ನ ಟೀಕಿಸೋದು ಬಿಡಲಿಲ್ಲ. ಅಷ್ಟರಮಟ್ಟಿಗೆ ನಂಗೆ ಹೆಮ್ಮೆ.

ಆದ್ರೆ 2001ರಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ವಿಶ್ವಬ್ಯಾಂಕ್ ಕೊಟ್ಟ 15 ಕೋಟಿ ಡಾಲರ್ ಸಾಲದ ಜೊತೆ ಖಜಾನೆ, ಕರೆಂಟ್ ಸುಧಾರಣೆಯ ಷರತ್ತೂ ಬಂತು. ಪಂಪ್‌ಸೆಟ್ ನಂಬಿದ ಜಿಲ್ಲೇಲಿ ಆ ಮಾತು ಎಷ್ಟು ಸುಡುತ್ತೆ ಅಂತ ಸೋಮನಹಳ್ಳಿಯವರಿಗೆ ಯಾರಾದ್ರೂ ಹೇಳಬೇಕಿತ್ತಾ?