ಹದಿನಾಲ್ಕು ಇಂಚಿನ ಗಲಾಟೆ

7 ಜುಲೈ 2025, ಸೋಮವಾರ
ಗರಗ

ಖರೀದಿ ಸಮಿತಿಯ ಆದೇಶ ಬಂತು. ಕುಲಸಚಿವರ ಸಹಿಯ ಮೇಲೆ ಸದಸ್ಯರ ಪಟ್ಟಿ, ಕೊನೆಯ ಹೆಸರು ನನ್ನದು, ‘ತಾಂತ್ರಿಕ ಸದಸ್ಯರು’ ಅಂತ. ಅಧ್ಯಾಪಕರಿಗೂ ಕಚೇರಿ ಸಿಬ್ಬಂದಿಗೂ ಲ್ಯಾಪ್‌ಟಾಪ್, ಜೊತೆಗೆ ಅದರ ಸಾಮಾನು ಸರಂಜಾಮು.

ಇಷ್ಟು ಅವಸರ ಯಾಕೆಂದರೆ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯುತ್ತದೆ. ಆಮೇಲೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಮುಂದಿನದೋ ಆಗಬೇಕು. ನಮ್ಮ ಕಚೇರಿಯ ಡೆಸ್ಕ್‌ಟಾಪುಗಳಲ್ಲಿ ಬಹಳಷ್ಟು ಅದಕ್ಕಿಂತ ಹಳೆಯವು. ಓಡುತ್ತವೆ, ಚೆನ್ನಾಗಿಯೇ ಓಡುತ್ತವೆ. ಚೆನ್ನಾಗಿ ಓಡುವ ಯಂತ್ರವನ್ನು ಮುದಿಯಾಯಿತೆಂದು ಹೊರಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಇನ್ನೂ ಮೂರು ವರ್ಷ ಅಪ್‌ಡೇಟ್ ಕೊಡುವ ಯೋಜನೆಯಿದೆ: ಯಂತ್ರವೊಂದಕ್ಕೆ ಮೊದಲ ವರ್ಷ ಒಂದು ಡಾಲರ್, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಪ್ರಯೋಗಾಲಯದ ಯಂತ್ರಗಳನ್ನು ಹಾಗೆ ಉಳಿಸಿಕೊಳ್ಳಬಹುದು ಎಂದು ಟಿಪ್ಪಣಿ ಬರೆದಿಟ್ಟೆ.

14 ಜುಲೈ, ಸೋಮವಾರ

ಯಾರಿಗೆ ಏನು ಬೇಕೆಂದು ವಿಭಾಗ ವಿಭಾಗಕ್ಕೆ ಹೋಗಿ ಕೇಳುತ್ತಿದ್ದೇನೆ. ಫಾರ್ಮ್ ಕಳಿಸಿದರೆ ಎಲ್ಲರೂ ‘ಹೈ ಎಂಡ್’ ಎಂದು ಬರೆದು ಸಹಿ ಹಾಕುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಕನ್ನಡ ವಿಭಾಗದ ಹಿರಿಯ ಪ್ರಾಧ್ಯಾಪಕರು ಚಹಾ ಕುಡಿಸಿ ಹೇಳಿದರು: “ಆ ಜೀಬಿ-ಗೀಬಿ ನನಗೇನೂ ತಿಳಿಯೂದಿಲ್ರಿ ಮೇಡಂ. ನುಡಿ ಓಡಬೇಕು, ಕ್ಲಾಸಿನ್ಯಾಗ ಪ್ರೊಜೆಕ್ಟರಿಗೆ ಹತ್ತಬೇಕು. ಇಷ್ಟಾತಂದ್ರ ಸಾಕು.” ಇಡೀ ಕ್ಯಾಂಪಸ್ಸಿನಲ್ಲಿ ಇಷ್ಟು ಸ್ಪಷ್ಟವಾಗಿ ತಮ್ಮ ಬೇಡಿಕೆ ಹೇಳಿದವರು ಇವರೊಬ್ಬರೇ. ಮತ್ತು ಎರಡೂ ಸಣ್ಣ ಮಾತಲ್ಲ. ಅವರ ಇಪ್ಪತ್ತು ವರ್ಷದ ಲೇಖನ, ಪಾಠ, ಪಿಎಚ್‌ಡಿ ವರದಿಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಅಗ್ಗವಾಗುತ್ತದೆಂದು ಉಬುಂಟು ಹಾಕಿದ ಯಂತ್ರ ಕೊಟ್ಟರೆ ಕೀಲಿಮಣೆಯನ್ನು ಹೇಗೋ ಹೊಂದಿಸಬಹುದು, ಆದರೆ ಹಳೆಯ ಕಡತ ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಉಬುಂಟು ನನಗೆ ಇಷ್ಟ, ಮನೆಯಲ್ಲಿ ಅದೇ ಇದೆ. ಆದರೂ ಇವರಿಗೆ ಬೇಡ.

ಪ್ರೊಜೆಕ್ಟರಿನದು ಬೇರೆ ಕಥೆ. ನಮ್ಮ ತರಗತಿಗಳಲ್ಲಿ ಅರ್ಧಕ್ಕರ್ಧ ಇನ್ನೂ ನೀಲಿ ವಿಜಿಎ ವೈರಿನವು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇರುವುದಿಲ್ಲ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಬರೀ ವೈರು ಬದಲಿಸಿದರೆ ಚಿತ್ರ ಬರುವುದಿಲ್ಲ, ನಡುವೆ ಚಿಪ್ ಇರುವ ಅಡಾಪ್ಟರ್ ಬೇಕು. ಕೆಲವು ನೂರು ರೂಪಾಯಿಯ ಸಾಮಾನು. ಅದಿಲ್ಲದೆ ಅರವತ್ತು ಸಾವಿರದ ಯಂತ್ರ ತರಗತಿಯಲ್ಲಿ ಸುಮ್ಮನೆ ಕೂತಿರುತ್ತದೆ.

18 ಜುಲೈ, ಶುಕ್ರವಾರ

ಮೊದಲ ಸಭೆ. ಪರದೆ ಹದಿನಾಲ್ಕು ಇಂಚೋ ಹದಿನೈದೂವರೆಯೋ ಎಂಬಲ್ಲಿಗೇ ಎರಡು ತಾಸು ಹೋಯಿತು.

ಅಧ್ಯಾಪಕರ ಪರವಾಗಿ ಬಂದವರು ಹದಿನಾಲ್ಕು ಅಂದರು. ಒಂದೂವರೆ ಕಿಲೋದೊಳಗೆ ಇರಬೇಕು, ದಿನಾ ಸ್ಕೂಟರಿನ ಮೇಲೆ ಹೊತ್ತೊಯ್ಯುವುದು. ಹಣಕಾಸು ವಿಭಾಗದ ಸೂಪರಿಂಟೆಂಡೆಂಟರು ಕೈ ಎತ್ತಿ ತಡೆದರು: “ಸಣ್ಣ ಮಶೀನಿನ್ಯಾಗ ಬಲಗಡೆ ನಂಬರ್ ಪ್ಯಾಡ್ ಇರಂಗಿಲ್ರಿ. ಪಗಾರ ಬಿಲ್ ಮ್ಯಾಲಿನ ಸಾಲಿನ ನಂಬರಿಲೆ ಹೊಡದ್ರ ತಿಂಗಳಾ ಎಲ್ಲರಿಗೂ ಐದು ದಿನ ತಡಾ ಆಗತೈತಿ.” ಎಲ್ಲರೂ ನಕ್ಕರು, ಅವರು ನಗಲಿಲ್ಲ. ಅವರು ಹೇಳಿದ್ದು ಸರಿ. ದಿನವಿಡೀ ಅಂಕಿ ಹೊಡೆಯುವವರ ಬಲಗೈ ಕಣ್ಣಿಲ್ಲದೆ ಓಡಾಡುವ ಜಾಗ ಅದು.

ನಾನು ಹೇಳಿದ್ದು ಇಷ್ಟು: ಕುರ್ಚಿ ಬಿಟ್ಟು ಏಳದವರಿಗೆ ಲ್ಯಾಪ್‌ಟಾಪ್ ಯಾಕೆ? ಆ ದುಡ್ಡಿಗೆ ಒಳ್ಳೆಯ ಡೆಸ್ಕ್‌ಟಾಪ್, ದೊಡ್ಡ ಪರದೆ, ಪೂರ್ತಿ ಕೀಬೋರ್ಡು ಬರುತ್ತದೆ, ಕುತ್ತಿಗೆಯೂ ಉಳಿಯುತ್ತದೆ. ಇದು ಯಾರಿಗೂ ರುಚಿಸಲಿಲ್ಲ. ಲ್ಯಾಪ್‌ಟಾಪ್ ಈಗ ಸಾಧನ ಮಾತ್ರವಲ್ಲ, ಸ್ಥಾನಮಾನ. ಅವರಿಗೆ ಕೊಟ್ಟು ನಮಗೆ ಬಿಟ್ಟರು ಅನ್ನುವ ಮಾತು ಸಂಘದವರೆಗೆ ಹೋಗುತ್ತದೆ. ಕಡೆಗೆ ಎಲ್ಲರಿಗೂ ಹದಿನಾಲ್ಕು ಇಂಚು. ಕಚೇರಿಯವರಿಗೆ ಅದರ ಜೊತೆ ವೈರಿನ ಪೂರ್ಣ ಕೀಬೋರ್ಡು, ವೈರಿನ ಮೌಸು, 24 ಇಂಚಿನ ಮಾನಿಟರು. ಮೌಸಿಗೆ ವೈರು ಇರಲೇಬೇಕೆಂದು ನಾನೇ ಹಟ ಹಿಡಿದೆ. ವೈರಿಲ್ಲದ್ದಕ್ಕೆ ಸೆಲ್ ಬೇಕು, ಸೆಲ್ಲಿಗೆ ಇಂಡೆಂಟ್ ಬೇಕು, ಇಂಡೆಂಟಿಗೆ ಮೂರು ಸಹಿ.

ಮಾನಿಟರಿಗೆ ಯುಎಸ್‌ಬಿ-ಸಿ ಇರಲಿ, 65 ವ್ಯಾಟ್ ಕೊಡುವಂತಿರಲಿ ಎಂದು ಸೇರಿಸಿದೆವು. ಒಂದೇ ವೈರಿನಲ್ಲಿ ಚಿತ್ರವೂ ಹೋಗುತ್ತದೆ, ಚಾರ್ಜೂ ಆಗುತ್ತದೆ, ಡಾಕ್ ಎಂಬ ಬೇರೆ ಡಬ್ಬಿ ಕೊಳ್ಳುವುದು ತಪ್ಪುತ್ತದೆ.

2 ಆಗಸ್ಟ್, ಶನಿವಾರ

ಸ್ಪೆಸಿಫಿಕೇಶನ್ ಬರೆಯುತ್ತ ಕೂತಿದ್ದೇನೆ. ಕಂಪನಿಯ ಹೆಸರು ಬರೆಯುವಂತಿಲ್ಲ, ಅದು ಸರಿಯೇ. ರಾಜ್ಯದ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆ ಬಂದದ್ದೇ ಅದಕ್ಕೆ, 1999ರಲ್ಲಿ. ಆದರೆ ಹೆಸರು ಬರೆಯದೆ ಗುಣ ಬರೆಯುವುದು ಸುಲಭವಲ್ಲ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿ ತಾಂತ್ರಿಕವಾಗಿ ಪಾಸಾದವರಲ್ಲಿ ಕಡಿಮೆ ದರದವನಿಗೆ, ಎಲ್-1ಗೆ, ಆರ್ಡರ್. ಅವನು ಲಾಭ ಹುಟ್ಟಿಸಿಕೊಳ್ಳುವುದು ನಾವು ಬರೆಯದೆ ಬಿಟ್ಟ ಜಾಗದಲ್ಲಿ. ಅದು ಮೋಸವಲ್ಲ, ವ್ಯಾಪಾರ.

‘ಐ5’ ಎಂದಷ್ಟೇ ಬರೆದರೆ ನಾಲ್ಕು ವರ್ಷ ಹಿಂದಿನ ಐ5 ಕೂಡ ಐ5ವೇ. ‘ಫುಲ್ ಎಚ್‌ಡಿ’ ಎಂದು ಬರೆದು ಬೆಳಕಿನ ಪ್ರಮಾಣ ಬಿಟ್ಟರೆ 250 ನಿಟ್ಟಿನ ಮಂಕು ಪರದೆ ಬರುತ್ತದೆ, ಕಿಟಕಿ ಪಕ್ಕ ಕೂತವರಿಗೆ ತಮ್ಮ ಮುಖವೇ ಕಾಣುತ್ತದೆ. ಬಣ್ಣದ ವ್ಯಾಪ್ತಿ ಬಿಟ್ಟರೆ 45 ಪ್ರತಿಶತ ಎನ್‌ಟಿಎಸ್‌ಸಿ. ಅದರಲ್ಲಿ ಕೆಂಪು ಇಟ್ಟಿಗೆಯಂತೆ, ಹಳದಿ ಕೊಳೆಯಾದಂತೆ. ಸಸ್ಯಶಾಸ್ತ್ರದವರು ಎಲೆಚುಕ್ಕೆಯ ಚಿತ್ರ ನೋಡಿ ರೋಗ ಹೇಳುವುದು ಆ ಪರದೆಯ ಮೇಲೆ. ‘16 ಜಿಬಿ’ ಎಂದಷ್ಟೇ ಬರೆದರೆ ರ‍್ಯಾಮನ್ನು ಬೋರ್ಡಿಗೇ ಬೆಸೆದ ಮಾದರಿಯೂ ನಡೆಯುತ್ತದೆ, ನಾಳೆ ಹೆಚ್ಚಿಸಲಾಗದು. ‘ಮೂರು ವರ್ಷ ವಾರಂಟಿ’ ಎಂದರೆ ಯಂತ್ರಕ್ಕೆ. ಬ್ಯಾಟರಿಗೆ ಬಹಳ ಕಂಪನಿಗಳದು ಒಂದೇ ವರ್ಷ, ಬೇರೆಯಾಗಿ ಕೇಳಿದರೆ ಮಾತ್ರ ಮೂರು. ಆನ್‌ಸೈಟ್ ಎಂಬ ಪದ ಬಿಟ್ಟುಹೋದರೆ ಕೆಟ್ಟ ಯಂತ್ರ ಹೊತ್ತುಕೊಂಡು ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ನಿಲ್ಲಬೇಕು.

ಅರ್ಧ ಪುಟವಿದ್ದದ್ದು ಮೂರಾಯಿತು.

ಇನ್ನೊಂದು. ಚಾರ್ಜರಿಗೆ ಮೂರು ಪಿನ್ ಇರಬೇಕೆಂದು ಬರೆದೆ. ಆದರೆ ನಮ್ಮೂರಿನ ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೋರಿಕೆಗೆ, ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮಣಿಕಟ್ಟು ಊರಿದರೆ ಜುಮ್ಮೆನ್ನುತ್ತದೆ. ಅಪಾಯ ಅಷ್ಟಿಲ್ಲ, ಆದರೂ ಯಾರಿಗೆ ಹಿತ? ಇದಕ್ಕೆ ಸ್ಪೆಸಿಫಿಕೇಶನ್ನಿನಲ್ಲಿ ಮದ್ದಿಲ್ಲ. ಮನೆಗೆ ಒಯ್ಯುವವರಿಗೆ ಒಂದು ಸೂಚನಾ ಚೀಟಿ ಕೊಡಬೇಕು.

10 ಆಗಸ್ಟ್, ರವಿವಾರ

ಅತ್ತಿಯವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಆಗಸ್ಟ್ ಬಂತೆಂದರೆ ಅವರಿಗೆ ಹಳೆಯದೆಲ್ಲ ನೆನಪಾಗುತ್ತದೆ. ಬಹಳ ವರ್ಷ ಇಲ್ಲಿಯ ಖಾದಿ ಕೇಂದ್ರಕ್ಕೆ ನೂಲು ತೆಗೆದವರು. ಗರಗ ಕ್ಷೇತ್ರೀಯ ಸೇವಾ ಸಂಘ ಶುರುವಾದದ್ದು 1954ರಲ್ಲಿ. ರಾಷ್ಟ್ರಧ್ವಜದ ಅರಿವಿ ನೇಯುವ ಊರೆಂದು ಗರಗಕ್ಕೆ ಹೆಸರು ಬಂದದ್ದು ಅದರಿಂದ.

ಮೂರು ಪುಟದ ಸ್ಪೆಸಿಫಿಕೇಶನ್ ನೋಡಿ ನಮ್ಮ ಹಣಕಾಸಿನವರು ಇಷ್ಟೊಂದು ಯಾಕೆಂದು ಕೇಳಿದ್ದನ್ನು ಹೇಳಿದೆ. ಅತ್ತಿ ನಗಾಡಿದರು. “ಧ್ವಜದ ಅರಿವೀಗೆ ಎಷ್ಟು ಪುಟ ಇರತಾವ ಅಂತ ಕೇಳ ಅವರ್ನ. ಎಳಿ ಎಣಸಾಕ ಒಂದು ಸಣ್ಣ ಭೂತಕನ್ನಡಿ ಇಟ್ಟಿರತಿದ್ರವ್ವಾ. ನಮ್ಮ ಲಡಿ ಚೊಲೋ ಐತಿ ಅಂತ ನಾವು ಹೇಳಿದ್ರ ನಡೀತಿರಲಿಲ್ಲ.”

ಅದು ಮಾತಿಗೆ ಆಡಿದ್ದಲ್ಲ. ದೇಶದಲ್ಲಿ ಸರಕಿಗೆ ಮಾನಕ ಬರೆಯಲು ಹೊರಟಾಗ ಐಎಸ್ 1, ಮೊದಲನೆಯ ನಂಬರು, ಸಿಕ್ಕಿದ್ದು ರಾಷ್ಟ್ರಧ್ವಜಕ್ಕೆ, 1951ರಲ್ಲಿ. ಕೇಸರಿ ಎಂದರೆ ಎಂಥ ಕೇಸರಿ, ಬಟ್ಟೆ ಎಷ್ಟು ಎಳೆತ ತಡೆಯಬೇಕು, ಬಿಸಿಲಿಗೆ ಬಣ್ಣ ಎಷ್ಟು ನಿಲ್ಲಬೇಕು, ಎಲ್ಲ ಅಳತೆಯಲ್ಲೇ. ನೇಕಾರನ ಒಳ್ಳೆಯತನಕ್ಕೆ ಬಿಟ್ಟದ್ದು ಏನೂ ಇಲ್ಲ. ನನ್ನ ಪರದೆಯ ಬಣ್ಣಕ್ಕೆ ಅಷ್ಟು ಮಾಡಿದರೆ ಅತಿಯಾಯಿತೆನ್ನುತ್ತಾರೆ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಅನುಮತಿ ಕೊಟ್ಟರು. ಅತ್ತಿ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಷರತ್ತಿನ ಒಂದು ಸಾಲು ಸಡಿಲಾದರೆ ಮಾರುಕಟ್ಟೆ ಯಾವ ಕಡೆ ವಾಲುತ್ತದೆಂದು ಈ ಊರಿನವರಿಗೆ ನಾನು ವಿವರಿಸಬೇಕಿಲ್ಲ.

19 ಆಗಸ್ಟ್, ಮಂಗಳವಾರ

ಕಡತ ನಿಂತಿದೆ. ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಕೆಯ ಮಾತಾಡಿದ್ದಾರೆ, ಹಾಗಾಗಿ ‘ಕಾದು ನೋಡುವುದು’ ಎಂದು ಹಸಿರು ಶಾಯಿಯಲ್ಲಿ ಷರಾ.

4 ಸೆಪ್ಟೆಂಬರ್, ಗುರುವಾರ

ನಿನ್ನೆ ರಾತ್ರಿ ಜಿಎಸ್‌ಟಿ ಕೌನ್ಸಿಲ್ ಪಟ್ಟಿ ಬಂತು. ಎಸಿ ಇಳಿಯಿತು, ದೊಡ್ಡ ಟಿವಿ ಇಳಿಯಿತು, 32 ಇಂಚಿಗಿಂತ ದೊಡ್ಡ ಮಾನಿಟರ್ 28ರಿಂದ 18ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಇದ್ದಲ್ಲೇ, 18 ಪ್ರತಿಶತ. ನಮ್ಮ 24 ಇಂಚಿನ ಮಾನಿಟರಿಗೂ ಮೊದಲೇ 18. ಕಾದದ್ದಕ್ಕೆ ಸಿಕ್ಕದ್ದು ಸೊನ್ನೆ.

14 ಅಕ್ಟೋಬರ್, ಮಂಗಳವಾರ

ವಿಂಡೋಸ್ 10ರ ಕೊನೆಯ ದಿನ. ನಮ್ಮ ಬಿಡ್ ಇನ್ನೂ ತೆರೆದಿಲ್ಲ. ಪರೀಕ್ಷಾ ವಿಭಾಗದ ಯಂತ್ರಗಳನ್ನು ಮೊದಲು ಇಂಟರ್ನೆಟ್ಟಿನಿಂದ ಬಿಡಿಸಿದೆ. ಉಳಿದವಕ್ಕೆ ಡಾಲರ್ ಯೋಜನೆಗೆ ಮಂಜೂರಾತಿ ಸಿಕ್ಕಿದೆ.

11 ನವೆಂಬರ್, ಮಂಗಳವಾರ

ಡೆಮೊ ಯಂತ್ರಗಳು ಬಂದಿದ್ದವು. ಕಾಗದದ ಮೇಲೆ ಎಲ್ಲವೂ ಒಂದೇ, ಮೇಜಿನ ಮೇಲೆ ಒಂದೊಂದೂ ಬೇರೆ. ಕನ್ನಡದ ಸರ್ ಅವರನ್ನೇ ಕರೆದು ಟೈಪು ಮಾಡಿಸಿದೆ. ಒಂದರ ಕೀಲಿ ತೀರಾ ಚಪ್ಪಟೆ, ಒತ್ತಿದ್ದೇ ಗೊತ್ತಾಗದು. ಒತ್ತಕ್ಷರ ಹೊಡೆಯುವಾಗ ಎರಡು ಸಲ ಎಡವಿದರು. ಆ ಯಂತ್ರವನ್ನು ತಳ್ಳಿಹಾಕಲು ನನ್ನ ಮೂರು ಪುಟದಲ್ಲಿ ಯಾವ ಷರತ್ತೂ ಸಿಗಲಿಲ್ಲ. ಪುಣ್ಯಕ್ಕೆ ಅದು ಬ್ಯಾಟರಿ ವಾರಂಟಿಯಲ್ಲೇ ನಪಾಸಾಯಿತು.

ಎಲ್-1 ಆದ ವ್ಯಾಪಾರಿ ಸಂಜೆ ಫೋನ್ ಮಾಡಿದ. ರ‍್ಯಾಮಿನ ದರ ಏರುತ್ತಿದೆಯಂತೆ. ಅದು ನಿಜ: ಎಐಗೆಂದು ಕಟ್ಟುತ್ತಿರುವ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ, ಅಕ್ಟೋಬರಿನಿಂದ ಜಗತ್ತಿನೆಲ್ಲೆಡೆ ಬೆಲೆ ಜಿಗಿಯುತ್ತಿದೆ. “ಈಗ 8 ಜಿಬಿ ಹಾಕಿ ಕೊಡ್ತೀನ್ರಿ ಮೇಡಂ, ಉಳದದ್ದು ರೇಟ್ ಇಳದ ಮ್ಯಾಲೆ.” ಆಗುವುದಿಲ್ಲ ಎಂದೆ. ಬಿಡ್ಡಿನ ಅವಧಿ ಮುಗಿದಿಲ್ಲ, ಕೊಟ್ಟ ದರಕ್ಕೆ ಅವನು ಬದ್ಧ. ಅವನ ಮೇಲೆ ಸಿಟ್ಟೇನಿಲ್ಲ. ಆಗಸ್ಟಿನಲ್ಲೇ ಆರ್ಡರ್ ಹೋಗಿದ್ದರೆ ಅವನಿಗೂ ನನಗೂ ಈ ಮಾತಿನ ಪ್ರಸಂಗವೇ ಬರುತ್ತಿರಲಿಲ್ಲ.

5 ಡಿಸೆಂಬರ್, ಶುಕ್ರವಾರ

ಸಾಮಾನು ಬಂತು. ಡಬ್ಬಿ ಬಿಚ್ಚಿ, ಹಿಂಬದಿಯ ಸೀರಿಯಲ್ ನಂಬರ್ ದಾಸ್ತಾನು ಪುಸ್ತಕಕ್ಕೆ ಏರಿಸಿ, ರ‍್ಯಾಮ್ 16 ಇದೆಯೋ ಎಂದು ಒಂದೊಂದನ್ನೂ ಚಾಲೂ ಮಾಡಿ ನೋಡಿದ್ದಾಯಿತು. ಇದೆ. ಜೊತೆಗೆ ಬಂದ ಬ್ಯಾಗುಗಳು ಮಾತ್ರ ತೀರಾ ತೆಳು. ಅದಕ್ಕೆ ನಾವು ಬರೆದದ್ದು ‘ಕ್ಯಾರಿ ಕೇಸ್’ ಎಂಬ ಎರಡೇ ಪದ. ಮಳೆಗಾಲಕ್ಕೆ ಮೊದಲು ಎಲ್ಲರೂ ಸ್ವಂತ ದುಡ್ಡಿನಲ್ಲಿ ಬೇರೆ ಕೊಳ್ಳುತ್ತಾರೆ.

ಪಗಾರ ವಿಭಾಗದವರು ಕೀಬೋರ್ಡು ಮೊದಲು ಒಯ್ದರು, ಲ್ಯಾಪ್‌ಟಾಪಿಗೆ ಆಮೇಲೆ ಬಂದರು. ಕನ್ನಡದ ಸರ್ ಯಂತ್ರಕ್ಕೆ ನುಡಿ ಹಾಕಿಕೊಟ್ಟೆ. ಹಳೆಯ ಕಡತಗಳನ್ನು ನಿಧಾನವಾಗಿ ಯೂನಿಕೋಡಿಗೆ ಬದಲಿಸಿಕೊಳ್ಳಿ ಎಂದದ್ದಕ್ಕೆ, “ನಿವೃತ್ತಿ ಆದ ಮ್ಯಾಲೆ ಅದ ಕೆಲಸ ಮಾಡತೀನಿ ತಗೋರಿ” ಎಂದರು.

ಉಳಿದದ್ದು ಹಳೆಯ ಯಂತ್ರಗಳ ವಿಲೇವಾರಿ. ಗುಜರಿಯವನು ಆಗಲೇ ಕಾರಿಡಾರಿನಲ್ಲಿ ಓಡಾಡುತ್ತಿದ್ದಾನೆ, ಕಿಲೋ ಲೆಕ್ಕದಲ್ಲಿ ದರ ಹೇಳುತ್ತಾನೆ. 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕೆಂದು ಟಿಪ್ಪಣಿ ಹಾಕಿದ್ದೇನೆ. ಅದಕ್ಕೂ ಮೊದಲು ಹಾರ್ಡ್ ಡಿಸ್ಕುಗಳು. ಪರೀಕ್ಷಾ ವಿಭಾಗದ ಯಂತ್ರಗಳಲ್ಲಿ ಹತ್ತು ವರ್ಷದ ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳ ಕರಡು ಎಲ್ಲ ಇವೆ. ಫಾರ್ಮ್ಯಾಟ್ ಹೊಡೆದರೆ ಸಾಕೆಂದು ಸ್ಟೋರಿನವರು ಅನ್ನುತ್ತಾರೆ, ಸಾಲದು. ಡಿಸ್ಕು ಹೊರಗೆ ತೆಗೆದು, ತೂತು ಕೊರೆದು, ಪಂಚನಾಮೆ ಬರೆದು ಆಮೇಲೆ ಕಳಿಸುವುದು. ಸೋಮವಾರ ವರ್ಕ್‌ಶಾಪಿನಿಂದ ಡ್ರಿಲ್ ಮಶೀನು ಕೇಳಬೇಕು.