ಒಂದು ವರ್ಷದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿ ಖಾಲಿ ಇರುವುದಿಲ್ಲ. ಟೀಚರ್ ಮನೆಯೆಂದರೆ ಪ್ರಶ್ನೆ ಕೇಳುವ ದೇವಸ್ಥಾನವಿದ್ದ ಹಾಗೆ. ಕಾಣಿಕೆ ಮಾತ್ರ ಇಲ್ಲ, ಕಾಫಿಯೂ ನಮ್ಮದೇ. 2024ರಲ್ಲಿ ಹಾಗೆ ಬಂದವಳು ನನ್ನ ತಂಗಿಯ ಮಗಳು ಪುಟ್ಟಿ.

"ದೊಡ್ಡಮ್ಮಾ, ಲಾ ಓದೋಣ ಅನ್ನಿಸುತ್ತೆ. ಮಾರನೆಯ ದಿನ ಬೇಡ ಅನ್ನಿಸುತ್ತೆ. ಈಗ ಡಿಗ್ರಿಗೆ ಏನು ತಗೊಳ್ಲಿ?"

ಅವಳಪ್ಪ ಬಾಯಿ ಹಾಕಿದರು. "ನೀವೇ ಹೇಳಿ ಅಕ್ಕಾ. ಐದು ವರ್ಷದ ಲಾಗೆ ಸೇರಿಸಿದರೆ ಮುಗೀತು. ಮೂರು ವರ್ಷ ಬಿ.ಎ., ಆಮೇಲೆ ಮೂರು ವರ್ಷ ಲಾ ಅಂದ್ರೆ ಆರಾಯಿತು. ಒಂದು ವರ್ಷ ದಂಡ. ಹೆಣ್ಣುಮಗು ಬೇರೆ."

ಲೆಕ್ಕ ಸರಿಯಾಗಿಯೇ ಇತ್ತು. ಹಿಂದೊಮ್ಮೆ ನಾನೂ ಇದೇ ಲೆಕ್ಕ ಹೇಳಿದ್ದೆ.

ನನ್ನ ಶಾಲೆಯಲ್ಲಿ ಓದಿದ್ದ ಒಬ್ಬ ಹುಡುಗಿ ಚರ್ಚಾಸ್ಪರ್ಧೆಯಲ್ಲಿ ಎದ್ದುನಿಂತರೆ ಎದುರಿನವರು ತಡವರಿಸುತ್ತಿದ್ದರು. "ನೀನು ವಕೀಲೆಯೇ ಆಗಬೇಕು" ಎಂದೆ. ಅವಳ ತಾಯಿ ಹೊಲಿಗೆ ಮಾಡಿ ಸಂಸಾರ ನಡೆಸುವವರು, ನನ್ನ ಮಾತನ್ನು ವೇದವೆಂದು ನಂಬಿ ಐದು ವರ್ಷದ ಕೋರ್ಸಿಗೆ ಸೇರಿಸಿದರು. ಎರಡು ವರ್ಷ ಕಳೆದ ಮೇಲೆ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. "ಆಗ್ತಿಲ್ಲ ಟೀಚರ್. ಮಾತಾಡೋದು ಇಷ್ಟ, ಇದು ಇಷ್ಟವಿಲ್ಲ." ಆ ಕೋರ್ಸನ್ನು ನಡುವೆ ಬಿಟ್ಟರೆ ಪದವಿ ಎಂದು ಕೈಗೆ ಏನೂ ಬರುವುದಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ; ಗೊತ್ತುಮಾಡಿಕೊಳ್ಳದೆ ಹೇಳಿದ್ದೆ. ಅವಳು ತನಗಿಂತ ಚಿಕ್ಕ ಮಕ್ಕಳ ಜೊತೆ ಬಿ.ಎ. ಮೊದಲ ವರ್ಷದಲ್ಲಿ ಕುಳಿತಳು. ಅವಳ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಈಗಲೂ ರವಿಕೆ ಹೊಲಿಸಲು ಹೋದಾಗ ಆಕೆ ಅಳತೆ ತೆಗೆಯುವಷ್ಟು ಹೊತ್ತು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತೇನೆ.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಮೂರು ವರ್ಷದ ಎಲ್ಎಲ್.ಬಿ.ಗೆ ಇಂಥದೇ ವಿಷಯ ಓದಿರಬೇಕೆಂದಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದಾದರೂ ಸರಿ. ಕೇಳುವುದು ಅಂಕ, ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇಕಡಾ 45. ಇಷ್ಟವಿಲ್ಲದ ವಿಷಯ ತೆಗೆದುಕೊಂಡು ಏದುಸಿರು ಬಿಡುತ್ತಾ ಪಾಸಾದರೆ ಮುಂದಿನ ಬಾಗಿಲುಗಳು ಮುಚ್ಚುವುದು ಅಲ್ಲಿ. ಬಿ.ಇಡಿ.ಯದು ಹಾಗಲ್ಲ, ಅಲ್ಲಿ ಅಂಕದ ಜೊತೆ ಡಿಗ್ರಿಯಲ್ಲಿ ಓದಿದ ವಿಷಯವನ್ನೂ ನೋಡುತ್ತಾರೆ. (ನನ್ನ ಕಾಲಕ್ಕೆ ಅದು ಒಂದೇ ವರ್ಷ, 2015ರಿಂದ ಎರಡಾಗಿದೆ.)

"ನಿನಗೆ ಯಾವ ಪುಸ್ತಕ ಹಿಡಿದರೆ ಊಟದ ನೆನಪಾಗೋದಿಲ್ಲ?" ಎಂದು ಪುಟ್ಟಿಯನ್ನು ಕೇಳಿದೆ.

"ಇತಿಹಾಸ" ಎಂದಳು, ಅಪ್ಪನ ಮುಖ ನೋಡದೆ. ಪಿಯುಸಿಯಲ್ಲಿ ಕಾಮರ್ಸ್ ಓದಿದವಳು!

"ಹಾಗಾದರೆ ಬಿ.ಎ. ಸೇರಲಿ" ಎಂದೆ. "ಕೊನೆಯ ವರ್ಷದ ಹೊತ್ತಿಗೆ ಲಾ ಬೇಕೆನ್ನಿಸಿದರೆ ಹೋಗುತ್ತಾಳೆ. ಬೇಡವೆಂದರೆ ಕೈಯಲ್ಲಿ ಡಿಗ್ರಿಯಾದರೂ ಇರುತ್ತೆ."

"ಒಂದು ವರ್ಷ ಅಕ್ಕಾ..."

"ನಿಮ್ಮ ಮಗ ಇಂಜಿನಿಯರಿಂಗ್ ಸೀಟಿಗಾಗಿ ಒಂದು ವರ್ಷ ಮನೆಯಲ್ಲೇ ಕೂತನಲ್ಲ, ಅದನ್ನು ಯಾರೂ ದಂಡ ಅನ್ನಲಿಲ್ಲ."

ಅಷ್ಟು ಕಟುವಾಗಿ ಹೇಳಬಾರದಿತ್ತೇನೋ. ತಂಗಿ ಲೋಟ ಎತ್ತುವ ನೆಪದಲ್ಲಿ ಒಳಗೆ ಹೋದಳು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅರ್ಜಿಗೆ ಕೊನೆಯ ದಿನ ಯಾವತ್ತು?" ಎಂದು ಮಗಳನ್ನು ಕೇಳಿದರು.

2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಸರ್ಕಾರ ಆ ವರ್ಷವೇ ಮೂರು ವರ್ಷಕ್ಕೆ ಮರಳಿತ್ತು. ಇಲ್ಲವಾದರೆ ಅವರ ಲೆಕ್ಕ ಇನ್ನೂ ಉದ್ದವಾಗುತ್ತಿತ್ತು. ಪುಟ್ಟಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದು ಬರೆದಳು. 1991ರಲ್ಲಿ ನಾನು ಮುಗಿಸಿದ್ದೂ ಅವೇ ಮೂರು. ಹಳೆಯ ನೋಟ್ಸ್ ಇದೆಯಾ ಎಂದು ಕೇಳಿದಳು. ಅಟ್ಟ ಹತ್ತಿ ಹುಡುಕಿದರೆ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಉಳಿದದ್ದರ ಧೂಳು ಕೊಡವಿ ಚೀಲಕ್ಕೆ ಹಾಕಿಕೊಂಡು, ಲಾ ವಿಷಯ ಇನ್ನೂ ಗೊತ್ತಿಲ್ಲ ದೊಡ್ಡಮ್ಮಾ ಎನ್ನುತ್ತಾ ಬಸ್ಸು ಹತ್ತಿದಳು.